ಹೆಸರು ಕೇಳಿರ್ಲಿಲ್ಲ, ಆದ್ರೂ ಯಾರು ಅಂತ ಗೊತ್ತಾಯ್ತು

ಜುಲೈ ತಿಂಗಳ ಒಂದು ಮಧ್ಯಾಹ್ನ, ಮಳೆ ಹುಯ್ತಾ ಇತ್ತು, ಕರೆಂಟಿಲ್ಲ, ಸ್ಟಾಫ್ ರೂಮಲ್ಲಿ ನಾವು ನಾಲ್ಕೈದು ಜನ ಕೂತಿದ್ವಿ. ನಮ್ಮಲ್ಲೊಬ್ರು ಫೋನಲ್ಲಿ ಒಂದು ಶೀಟ್ ಓಪನ್ ಮಾಡ್ಕೊಂಡು ಮೇಲಕ್ಕೆ ಕೆಳಕ್ಕೆ ಎಳೀತಾ ಇದ್ರು. ಮಕ್ಕಳು ಯಾಕೆ ಕ್ಲಾಸ್ ತಪ್ಪಿಸ್ತಾರೆ ಅಂತ ತಿಳ್ಕೊಳ್ಳೋಕೆ ಗೂಗಲ್ ಫಾರ್ಮಲ್ಲಿ ಮಾಡಿದ ಸರ್ವೆಯ ಉತ್ತರಗಳ ಶೀಟ್ ಅದು. ಹೆಸರು ಕೇಳಿರ್ಲಿಲ್ಲ, ರಿಜಿಸ್ಟರ್ ನಂಬರ್ ಕೇಳಿರ್ಲಿಲ್ಲ, ಮೇಲ್ಗಡೆ "ನಿಮ್ಮ ಮಾಹಿತಿಯನ್ನು ಸಂಪೂರ್ಣ ಗೌಪ್ಯವಾಗಿ ಇಡಲಾಗುವುದು" ಅಂತ ದಪ್ಪಕ್ಷರದಲ್ಲಿ ಹಾಕಿದ್ವಿ. ಎಳೀತಿದ್ದ ಬೆರಳು ಒಂದು ಸಾಲಿನ ಹತ್ರ ನಿಂತ್ಕೊಳ್ತು. ಹೆಣ್ಣು, ಎರಡನೇ ವರ್ಷ, ವಿರಾಜಪೇಟೆ ತಾಲೂಕು, ಪರಿಶಿಷ್ಟ ಪಂಗಡ, ಮನೇಲಿ ಆಡೋ ಭಾಷೆ ಯರವ, ಹಾಸ್ಟೆಲ್ ಅಲ್ಲ ಮನೆಯಿಂದ ಓಡಾಡೋದು. ಕೊನೇ ಕಾಲಮ್ಮಲ್ಲಿ, "ಇನ್ನೇನಾದರೂ ಹೇಳುವುದಿದ್ದರೆ" ಅನ್ನೋ ಜಾಗದಲ್ಲಿ ಎರಡೇ ಸಾಲು. ಮನೇಲಿ ಮದ್ವೆ ಮಾತು ನಡೀತಿದೆ, ನಂಗಿಷ್ಟ ಇಲ್ಲ, ಹೇಳೋಕೆ ಧೈರ್ಯ ಇಲ್ಲ ಅಂತ.

"ಓ, ಇದು ಅವ್ಳೇ ಅಲ್ವಾ?" ಅಂದ್ರು. ಹೌದು, ಅವಳೇ. ಆ ವಿವರ ಎಲ್ಲಾ ಒಟ್ಟಿಗೆ ಹೊಂದೋ ಹುಡುಗಿ ಇಡೀ ಕಾಲೇಜಲ್ಲಿ ಒಬ್ಳೇ. (ಈಗಲೂ ಗುರುತು ಸಿಗ್ಬಾರ್ದು ಅಂತ ಒಂದೆರಡು ವಿವರ ಬದಲಾಯ್ಸಿ ಬರೀತಿದೀನಿ.)

ಒಳ್ಳೇ ಮನಸ್ಸಿಂದಾನೇ ಒಬ್ರು ಅವಳನ್ನ ಕರೆದು "ಏನಮ್ಮಾ, ಮನೇಲಿ ಮದ್ವೆ ಮಾತಂತೆ" ಅಂತ ಕೇಳಿದ್ರು. ಆ ಹುಡುಗಿ ಏನೂ ಹೇಳ್ಲಿಲ್ಲ, ಆಮೇಲೆ ನನ್ ಹತ್ರ ಬಂದು, "ಮೇಡಂ, ನಾನ್ ಹೆಸ್ರು ಹಾಕಿರ್ಲಿಲ್ವಲ್ಲ" ಅಂದ್ಳು. ಅಷ್ಟೇ ಅಂದಿದ್ದು. ಆ ಫಾರ್ಮಿನ ಪ್ರಶ್ನೆ ಬರೆದವರಲ್ಲಿ ನಾನೂ ಒಬ್ಳು, ತಾಲೂಕು ಕೇಳಣ, ಭಾಷೆನೂ ಕೇಳಣ ಚೆನ್ನಾಗಿರತ್ತೆ ಅಂದಿದ್ದು ನಾನೇ, ಹಾಗಾಗಿ ಈ ವಿಷಯ ನಂಗೆ ಬರೀ ಕಾನೂನು, ಟೆಕ್ನಾಲಜಿ ವಿಷಯ ಆಗಿ ಉಳಿದಿಲ್ಲ.

ಅನಾಮಧೇಯ ಅನ್ನೋದು ಬೇರೆ, ಗೌಪ್ಯ ಅನ್ನೋದು ಬೇರೆ. ಅನಾಮಧೇಯ ಅಂದ್ರೆ ಬರ್ದವರು ಯಾರು ಅಂತ ಕೇಳಿದವರಿಗೂ ಗೊತ್ತಾಗ್ಬಾರ್ದು. ಗೌಪ್ಯ ಅಂದ್ರೆ ಯಾರು ಅಂತ ನಮಗೆ ಗೊತ್ತು, ಆದ್ರೆ ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದೀವಿ. ಡಾಕ್ಟರ್ ಹತ್ರ ಹೋದ್ರೆ ನಮ್ಮ ಕಾಯಿಲೆ ಅವರಿಗೆ ಗೊತ್ತಿರತ್ತಲ್ಲ, ಅದು ಗೌಪ್ಯ. ವೋಟ್ ಹಾಕೋದು ಅನಾಮಧೇಯ. ನಮ್ಮ ಕಾಲೇಜುಗಳ ಫಾರ್ಮಲ್ಲಿ ಏನಾಗತ್ತೆ ಅಂದ್ರೆ ಹೆಸರಿನ ಕಾಲಮ್ ಒಂದು ತೆಗೆದ್ಬಿಟ್ಟು ಅನಾಮಧೇಯ ಆಯ್ತು ಅನ್ಕೋತೀವಿ, ಗೌಪ್ಯ ಅಂತ ಬರೀತೀವಿ, ಕೊನೆಗೆ ಎರಡೂ ಇರಲ್ಲ, ಯಾಕಂದ್ರೆ ಗುರುತು ಇರೋದು ಹೆಸರಲ್ಲಿ ಮಾತ್ರ ಅಲ್ಲ, ಅದೂ ಕೊಡಗಿನಂಥ ಜಾಗದಲ್ಲಿ.

2011ರ ಜನಗಣತಿ ಪ್ರಕಾರ ಕೊಡಗಿನ ಜನಸಂಖ್ಯೆ 5,54,519, ರಾಜ್ಯದಲ್ಲೇ ಅತಿ ಕಮ್ಮಿ ಜನ ಇರೋ ಜಿಲ್ಲೆ ನಮ್ಮದು. ಅಷ್ಟು ಜನದಲ್ಲಿ ಎಷ್ಟು ಭಾಷೆ, ಎಷ್ಟು ಸಮುದಾಯ ನೋಡಿ, ಕೊಡವ ತಕ್ಕ್, ಅರೆಭಾಷೆ, ಯರವ, ಜೇನುಕುರುಬ, ಮಲಯಾಳ, ತುಳು, ಬ್ಯಾರಿ, ತಮಿಳು. ಕೊಡವರಲ್ಲಿ ಮನೆ ಹೆಸರು ಹೇಳಿದ್ರೆ ಸಾಕು, ಯಾವ ಊರು ಯಾವ ಐನ್‌ಮನೆ (ಮನೆತನದ ಮೂಲ ಮನೆ) ಅಂತ ಪಟಾರಂತ ಹೇಳ್ತಾರೆ ಹಿರಿಯರು. ನಾಪೋಕ್ಲಿಂದ ಮಡಿಕೇರಿಗೆ ಬರೋ ಬೆಳಿಗ್ಗೆ ಬಸ್ಸಲ್ಲಿ ಯಾವ ಸೀಟಲ್ಲಿ ಯಾರ ಮಗಳು ಕೂರ್ತಾಳೆ ಅನ್ನೋದು ಕಂಡಕ್ಟರಿಗೂ ಗೊತ್ತು. ಬೆಂಗಳೂರಿನ ದೊಡ್ಡ ಕಾಲೇಜಿನ ಸರ್ವೆ ನೋಡ್ಕೊಂಡು ಅದೇ ಪ್ರಶ್ನೆಗಳನ್ನ ಇಲ್ಲಿಗೆ ಎತ್ಕೊಂಡು ಬಂದ್ರೆ ಅಲ್ಲಿ ಗುಂಪಲ್ಲಿ ಮರೆಯಾಗೋ ಹುಡುಗಿ ಇಲ್ಲಿ ಒಬ್ಳೇ ಎದ್ದು ನಿಲ್ತಾಳೆ.

ಲೆಕ್ಕ ಹಾಕಿದ್ರೆ ಇನ್ನೂ ಗೊತ್ತಾಗತ್ತೆ. ಈಗ ಜಿಲ್ಲೇಲಿ ತಾಲೂಕು 5, ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಆಮೇಲೆ ಹೊಸದಾಗಿ ಬಂದ ಪೊನ್ನಂಪೇಟೆ, ಕುಶಾಲನಗರ. ಗಂಡು ಹೆಣ್ಣು 2. ನಮ್ಮ ರಾಜ್ಯದ ಮೀಸಲಾತಿ ವರ್ಗ ಅಂತ ಕೇಳಿದ್ರೆ ಎಸ್ಸಿ, ಎಸ್ಟಿ, ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಸಾಮಾನ್ಯ ಸೇರಿ 8. ಓದ್ತಿರೋ ವರ್ಷ 3. ಹಾಸ್ಟೆಲ್ಲೋ ಮನೆಯೋ, 2. ಗುಣಿಸಿ, ಒಂದೊಂದು ಜೋಡಣೆಗೆ ಒಂದು ಡಬ್ಬಿ ಅಂದ್ರೆ 480 ಡಬ್ಬಿ ಆಯ್ತು. ಫಾರ್ಮ್ ತುಂಬಿದ ಮಕ್ಕಳು 140 ಇದ್ರೆ 480 ಡಬ್ಬಿಗೆ 140 ಜನ, ಅಂದ್ರೆ ಬಹಳಷ್ಟು ಡಬ್ಬಿ ಖಾಲಿ, ಉಳಿದಿದ್ರಲ್ಲಿ ಎಷ್ಟೋ ಡಬ್ಬೀಲಿ ಒಬ್ಬೊಬ್ರೇ. ಐದು ಸಾದಾ ಪ್ರಶ್ನೆ ಅಷ್ಟೇ, ಒಂದೊಂದನ್ನೇ ನೋಡಿದ್ರೆ ಯಾವುದೂ ಗುಟ್ಟಿನ ವಿಷಯ ಅಲ್ಲ, ಒಟ್ಟಿಗೆ ಸೇರಿದಾಗ ಅದೇ ಹೆಸರು.

ಇದನ್ನ ಮೊದಲು ಜಗತ್ತಿಗೆ ತೋರ್ಸಿದವರಲ್ಲಿ ಒಬ್ರು ಅಮೆರಿಕದ ಲಟಾನ್ಯ ಸ್ವೀನಿ. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದವರು ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆನ ಹೆಸರು ತೆಗೆದು ಸಂಶೋಧನೆಗೆ ಕೊಟ್ಟಿದ್ರು. ಗವರ್ನರ್ ವಿಲಿಯಂ ವೆಲ್ಡ್, ಏನೂ ತೊಂದ್ರೆ ಆಗಲ್ಲ ಅಂತ ಜನಕ್ಕೆ ಭರವಸೆನೂ ಕೊಟ್ಟಿದ್ರು. ಆಗಿನ್ನೂ ವಿದ್ಯಾರ್ಥಿನಿ ಆಗಿದ್ದ ಸ್ವೀನಿ, 20 ಡಾಲರ್ ಕೊಟ್ಟು ಗವರ್ನರ್ ವಾಸ ಇದ್ದ ಕೇಂಬ್ರಿಜ್ ಊರಿನ ವೋಟರ್ ಲಿಸ್ಟ್ ತಗೊಂಡು ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಮೂರನ್ನ ಹೋಲ್ಸಿ ನೋಡಿ ಆ ಗವರ್ನರದ್ದೇ ಆಸ್ಪತ್ರೆ ದಾಖಲೆ ಯಾವುದು ಅಂತ ಹುಡುಕಿ ತೆಗೆದ್ರು. ಅಮೆರಿಕದ ಜನರಲ್ಲಿ ಶೇ. 87 ಮಂದಿನ ಈ ಮೂರೇ ವಿವರದಿಂದ ಗುರುತು ಹಿಡೀಬಹುದು ಅಂತ 2000ದಲ್ಲಿ ಅವರದೇ ಲೆಕ್ಕ ಬಂತು. ಅಲ್ಲಿ ವೋಟರ್ ಲಿಸ್ಟ್ ಬೇಕಾಯ್ತು, ಕಂಪ್ಯೂಟರ್ ಬೇಕಾಯ್ತು. ನಮ್ಮ ಸ್ಟಾಫ್ ರೂಮಲ್ಲಿ ಏನೂ ಬೇಕಾಗ್ಲಿಲ್ಲ, ಹಾಜರಾತಿ ಪುಸ್ತಕ ನಮ್ಮ ತಲೇಲೇ ಇತ್ತು.

ಪ್ರಶ್ನೆಯ ಆಚೆಗೂ ಗುರುತು ಸೋರೋ ಜಾಗ ಬಹಳ ಇವೆ. ನಂಗೆ ಅತಿ ಬೇಜಾರಾಗೋದು ಈ ಸ್ಕ್ರೀನ್‌ಶಾಟ್ ಪದ್ಧತಿ ನೋಡಿದ್ರೆ. "ಎಲ್ಲರೂ ಫಾರ್ಮ್ ತುಂಬಿ, ತುಂಬಿದ್ಮೇಲೆ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕಿ" ಅಂತ ಕ್ಲಾಸ್ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬರತ್ತೆ. ಮಕ್ಕಳು ಸಬ್ಮಿಟ್ ಒತ್ತಿ, "ನಿಮ್ಮ ಪ್ರತಿಕ್ರಿಯೆ ದಾಖಲಾಗಿದೆ" ಅನ್ನೋದರ ಫೋಟೋ ತೆಗೆದು ಒಂದೇ ನಿಮಿಷದಲ್ಲಿ ಗ್ರೂಪಿಗೆ ಹಾಕ್ತಾರೆ. ಈಗ ಶೀಟಿನ ಮೊದಲನೇ ಕಾಲಮ್ ನೋಡಿ, ಟೈಮ್‌ಸ್ಟ್ಯಾಂಪ್, ಅಂದ್ರೆ ಫಾರ್ಮ್ ಕಳ್ಸಿದ ಸಮಯ, ಸೆಕೆಂಡಿನ ತನಕ ಇರತ್ತೆ. ರಾತ್ರಿ 7:42ಕ್ಕೆ ಶೀಟಲ್ಲಿ ಒಂದು ಸಾಲು, 7:42ಕ್ಕೆ ಗ್ರೂಪಲ್ಲಿ ಒಂದು ಸ್ಕ್ರೀನ್‌ಶಾಟ್, ಅದರ ಪಕ್ಕದಲ್ಲೇ ಹೆಸರು. ಯಾವ ಕಂಪ್ಯೂಟರ್ ಪಂಡಿತರೂ ಬೇಡ ಇದನ್ನ ಹೋಲಿಸೋಕೆ. ಇನ್ನು "ತುಂಬದೇ ಇರೋರ ಲಿಸ್ಟ್ ಹಾಕ್ತೀವಿ" ಅಂತ ಹೆದ್ರಿಸಿದ ತಕ್ಷಣ ಮಕ್ಕಳಿಗೆ ಅರ್ಥ ಆಗ್ಬಿಡತ್ತೆ, ಯಾರು ತುಂಬಿಲ್ಲ ಅಂತ ಗೊತ್ತಾಗೋದಾದ್ರೆ ಯಾರು ಏನು ತುಂಬಿದಾರೆ ಅನ್ನೋದೂ ಗೊತ್ತಾಗತ್ತೆ ಅಂತ, ಆಮೇಲೆ ಎಲ್ಲದಕ್ಕೂ "ತುಂಬಾ ಚೆನ್ನಾಗಿದೆ" ಒತ್ತಿ ಕೈ ತೊಳ್ಕೋತಾರೆ. ಅಂಥ ಸರ್ವೆಯಿಂದ ನಮಗಾದ್ರೂ ಏನು ಸಿಗತ್ತೆ?

ಫಾರ್ಮಿನ ಸೆಟ್ಟಿಂಗ್ ವಿಷಯಕ್ಕೆ ಬಂದ್ರೆ, ಈಮೇಲ್ ಸಂಗ್ರಹ ಮಾಡ್ಬೇಡ ಅಂತ ಇಟ್ಟಿದ್ರೆ ಫಾರ್ಮ್ ಮಾಡಿದವರಿಗೆ ಈಮೇಲ್ ಕಾಣಲ್ಲ, ಇದು ನಿಜ. ಒಬ್ರಿಗೆ ಒಂದೇ ಸಲ ಅಂತ ಮಿತಿ ಹಾಕಿದ್ರೆ ಲಾಗಿನ್ ಆಗ್ಬೇಕಾಗತ್ತೆ, ಆಗ್ಲೂ ಈಮೇಲ್ ನಮಗೆ ಬರಲ್ಲ, ಆದ್ರೆ ತುಂಬೋ ಹುಡುಗನ ಸ್ಕ್ರೀನ್ ಮೇಲೆ ಅವನದೇ ಜಿಮೇಲ್ ಅಡ್ರೆಸ್ ಕಾಣತ್ತೆ, ಅದರ ಪಕ್ಕದಲ್ಲಿ ಇದನ್ನ ಹಂಚ್ಕೊಂಡಿಲ್ಲ ಅಂತ ಸಣ್ಣಕ್ಷರದಲ್ಲಿ ಇರೋದನ್ನ ಯಾರು ಓದ್ತಾರೆ, ಅವನು ಹೆದರ್ಕೋತಾನೆ. ಜಾತಿ ಸರ್ಟಿಫಿಕೇಟೋ ಮತ್ತೊಂದೋ ಫೈಲ್ ಅಪ್‌ಲೋಡ್ ಮಾಡಿ ಅಂತ ಒಂದು ಪ್ರಶ್ನೆ ಸೇರಿಸಿದ್ರೆ ಮುಗೀತು, ಅಪ್‌ಲೋಡ್ ಮಾಡಿದವರ ಅಕೌಂಟಿನ ಹೆಸರು ದಾಖಲಾಗತ್ತೆ. ಫಲಿತಾಂಶದ ಸಾರಾಂಶ ತೋರಿಸು ಅನ್ನೋ ಬಟನ್ ಆನ್ ಆಗಿದ್ರೆ ಫಾರ್ಮ್ ತುಂಬಿದ ಪ್ರತಿಯೊಬ್ರೂ ಬೇರೆಯವರು ಬರ್ದಿದ್ದನ್ನ ಓದ್ಬಹುದು, ಬರೀ ಗ್ರಾಫ್ ಅಲ್ಲ, ಬಾಯಿ ಬಿಟ್ಟು ಬರೆದ ಸಾಲುಗಳನ್ನೂ.

ಮನೆ ಕಡೆ ನೋಡಿ ಈಗ. ಎಸ್ಟೇಟಿನ ಲೈನ್ ಮನೇಲಿ ಒಂದು ಕೋಣೆ, ಒಂದು ಸ್ಮಾರ್ಟ್‌ಫೋನು, ಅದರಲ್ಲಿ ಅಣ್ಣನ ಜಿಮೇಲ್ ಲಾಗಿನ್ ಆಗಿರತ್ತೆ. ಆ ಫೋನಲ್ಲಿ ತಂಗಿ ಫಾರ್ಮ್ ತುಂಬ್ತಾಳೆ. ಫಾರ್ಮ್ ಮಾಡಿದವರು ಮುತುವರ್ಜಿಯಿಂದ "ಉತ್ತರದ ಒಂದು ಕಾಪಿ ಅವರಿಗೇ ಕಳ್ಸು" ಅಂತ ಸೆಟ್ಟಿಂಗ್ ಹಾಕಿರ್ತಾರೆ. ಕಾಪಿ ಹೋಗೋದು ಎಲ್ಲಿಗೆ? ಅಣ್ಣನ ಇನ್‌ಬಾಕ್ಸಿಗೆ. ಮನೇಲಿ ಮದ್ವೆ ಒತ್ತಾಯ ಇದೆಯಾ, ಹೊಡೀತಾರಾ ಅಂತೆಲ್ಲ ಕೇಳಿರೋ ಫಾರ್ಮ್ ಆಗಿದ್ರೆ ಅದೊಂದು ಈಮೇಲ್ ಆ ಮಗೂಗೆ ಏನು ಮಾಡಬಹುದು ಅಂತ ಫಾರ್ಮ್ ಮಾಡೋರು ಒಂದು ನಿಮಿಷ ಕಣ್ಮುಚ್ಚಿ ಯೋಚ್ನೆ ಮಾಡ್ಬೇಕು. ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗೋದು ಊರಲ್ಲಿ ಒಂದೇ ಜಾಗ, ಬಸ್ ಸ್ಟ್ಯಾಂಡ್ ತಂಗುದಾಣವೋ ಗುಡ್ಡದ ತಿರುವೋ, ಅಲ್ಲಿ ನಾಲ್ಕು ಜನ ಒಂದೇ ಕೊಡೆ ಕೆಳಗೆ ನಿಂತು ಫೋನ್ ನೋಡ್ತಿರ್ತಾರೆ, ಪಕ್ಕದವರು ಇಣುಕದೇ ಇರ್ತಾರಾ. ಅದರ ಬದಲು ಕಾಲೇಜಿನ ಕಂಪ್ಯೂಟರ್ ಲ್ಯಾಬಲ್ಲಿ ತುಂಬ್ಸಿದ್ರೆ ವಾಸಿ, ಆದ್ರೆ ರೋಲ್ ನಂಬರ್ ಪ್ರಕಾರ ಕೂರಿಸ್ಬಾರ್ದು, ಮೇಷ್ಟ್ರು ಬೆನ್ನ ಹಿಂದೆ ಓಡಾಡ್ಬಾರ್ದು.

ಕಾನೂನು ಏನನ್ನತ್ತೆ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 24 ಆಗಸ್ಟ್ 2017ರಂದು, ಆ ಕೇಸು ಹಾಕಿದವರು ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು ಬಂದಿದ್ದು 2025ರ ನವೆಂಬರಲ್ಲಿ, ಮುಖ್ಯ ಜವಾಬ್ದಾರಿಗಳಿಗೆ ತಯಾರಾಗೋಕೆ 18 ತಿಂಗಳ ಟೈಮ್ ಕೊಟ್ಟಿದಾರೆ. ಈ ಕಾಯ್ದೇಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ, ಅಂದ್ರೆ ಪಿಯುಸಿ ಹುಡುಗರು ಬಹುತೇಕ ಎಲ್ಲರೂ. ಅವರ ವೈಯಕ್ತಿಕ ಮಾಹಿತಿ ತಗೋಬೇಕಾದ್ರೆ ಪೋಷಕರ ಒಪ್ಪಿಗೆ, ಅದೂ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ವಿಷಯದ ನಿಯಮ ಮುರಿದ್ರೆ ದಂಡ 200 ಕೋಟಿ ರೂಪಾಯಿ ತನಕ ಹೋಗಬಹುದು, ಮಾಹಿತಿ ಸೋರದಂಗೆ ಸರಿಯಾದ ಭದ್ರತೆ ಇಡದಿದ್ರೆ 250 ಕೋಟಿ ತನಕ. ಸಂಶೋಧನೆ, ಅಂಕಿಅಂಶದ ಕೆಲಸಕ್ಕೆ ವಿನಾಯ್ತಿ ಇದೆ, ಆದ್ರೆ ಆ ಮಾಹಿತಿ ಇಟ್ಕೊಂಡು ಯಾವ ಒಬ್ಬ ವ್ಯಕ್ತಿ ಮೇಲೂ ತೀರ್ಮಾನ ತಗೊಳ್ಳಂಗಿಲ್ಲ, ನಿಗದಿ ಮಾಡಿದ ಮಾನದಂಡ ಪಾಲಿಸ್ಬೇಕು. ನಮ್ಮ ಸ್ಟಾಫ್ ರೂಮಲ್ಲಿ ಆ ಹುಡುಗೀನ ಕರೆದು ಕೇಳಿದ್ವಲ್ಲ, ಅಲ್ಲಿಗೇ ಅದು ಅಂಕಿಅಂಶದ ಕೆಲಸ ಅನ್ನೋ ಮಾತು ಬಿದ್ದುಹೋಯ್ತು ಅನ್ನೋದು ನನ್ನ ಅಭಿಪ್ರಾಯ.

ಪೋಷಕರ ಒಪ್ಪಿಗೆ ಮಾತ್ರ ಇದ್ರೆ ಸಾಕಾ ಅನ್ನೋದು ಇನ್ನೊಂದು ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೀತಿ ಮಾರ್ಗಸೂಚೀಲಿ ಆರೋಗ್ಯ ಸಂಶೋಧನೆಗೆ ಪೋಷಕರ ಒಪ್ಪಿಗೆ ಜೊತೆ ಮಗುವಿನದೇ ಸಮ್ಮತಿನೂ ಬೇಕು ಅಂತ ಇದೆ, 7ರಿಂದ 12 ವರ್ಷದವರಿಗೆ ಬಾಯಿ ಮಾತಲ್ಲಿ, 12ರಿಂದ 18ರವರಿಗೆ ಬರಹದಲ್ಲಿ. ಕ್ಲಾಸ್ ರೂಮಿನ ಸರ್ವೆಗೂ ಇದೇ ಸರಿಯಾದ ದಾರಿ ಅನ್ಸತ್ತೆ ನಂಗೆ, ಯಾಕಂದ್ರೆ ಇಂಟರ್ನಲ್ ಮಾರ್ಕ್ಸ್ ಕೈಯಲ್ಲಿಟ್ಕೊಂಡಿರೋ ಮೇಷ್ಟ್ರು "ಇಷ್ಟ ಇದ್ರೆ ತುಂಬಿ" ಅಂದ್ರೆ ಮಕ್ಕಳ ಕಿವಿಗೆ ಅದು "ತುಂಬ್ಲೇಬೇಕು" ಅಂತ್ಲೇ ಕೇಳ್ಸೋದು. ಪ್ರತಿ ಪ್ರಶ್ನೆಗೂ "ಹೇಳೋಕೆ ಇಷ್ಟ ಇಲ್ಲ" ಅನ್ನೋ ಆಯ್ಕೆ ಕೊಡ್ಬೇಕು, ಕೆಂಪು ನಕ್ಷತ್ರ ಹಾಕಿ ಕಡ್ಡಾಯ ಮಾಡೋದನ್ನ ಬಿಡ್ಬೇಕು.

ಇನ್ನೊಂದು ವಿಷಯ, ಇದನ್ನ ಬಹಳ ಜನ ಯೋಚ್ನೆನೇ ಮಾಡಿರಲ್ಲ. "ನಿಮಗೆ ಯಾರಾದರೂ ಲೈಂಗಿಕ ಕಿರುಕುಳ ಕೊಟ್ಟಿದ್ದಾರಾ" ಅಂತ 16-17ರ ಮಕ್ಕಳ ಫಾರ್ಮಲ್ಲಿ ಕೇಳಿ, ಮೇಲೆ "ಸಂಪೂರ್ಣ ಗೌಪ್ಯ" ಅಂತ ಬರೆದ್ರೆ ಅದು ಉಳಿಸ್ಕೊಳ್ಳೋಕಾಗದ ಮಾತು. ಪೋಕ್ಸೋ ಕಾಯ್ದೆ 2012ರ 19ನೇ ಸೆಕ್ಷನ್ ಪ್ರಕಾರ ಅಂಥದ್ದು ಗೊತ್ತಾದವರು ಯಾರೇ ಆಗ್ಲಿ ಪೊಲೀಸರಿಗೆ ತಿಳಿಸ್ಲೇಬೇಕು, ಸುಮ್ನಿದ್ರೆ ಅದೇ ಅಪರಾಧ. ಪೂರ್ತಿ ಅನಾಮಧೇಯ ಮಾಡಿದ್ವಿ ಅನ್ಕೊಳ್ಳಿ, ಆಗ ಒಂದು ಮಗು ಕಷ್ಟ ತೋಡ್ಕೊಂಡಿದ್ರೂ ಯಾರು ಅಂತ ಹುಡುಕಿ ಸಹಾಯ ಮಾಡೋಕಾಗಲ್ಲ, ಶೀಟ್ ಯಾರೂ ತೆಗೆದು ನೋಡದೇ ಮೂರು ತಿಂಗಳು ಬಿದ್ದಿದ್ರಂತೂ ಆ ಮಗು ಕೂಗಿದ್ದು ಯಾರಿಗೂ ಕೇಳ್ಸಿಲ್ಲ ಅಂತಾಯ್ತು. ಹಾಗಾಗಿ ಅಂಥ ಪ್ರಶ್ನೇನ ತರಬೇತಿ ಇಲ್ಲದ ನಾವು ಗೂಗಲ್ ಫಾರ್ಮಲ್ಲಿ ಕೇಳ್ಲೇಬಾರ್ದು, ಕೇಳೋರು ಕೌನ್ಸೆಲರ್ ಇಟ್ಕೊಂಡು, ಯಾವುದನ್ನ ಗುಟ್ಟಾಗಿಡ್ತೀವಿ ಯಾವುದನ್ನ ಇಡೋಕಾಗಲ್ಲ ಅಂತ ಮೊದಲೇ ಮಕ್ಕಳಿಗೆ ಹೇಳಿ ಕೇಳ್ಬೇಕು. ನಾವು ಮಾಡೋ ಫಾರ್ಮಿನ ಕೊನೇಲಿ ಮಕ್ಕಳ ಸಹಾಯವಾಣಿ 1098, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ಎರಡು ನಂಬರ್ ಹಾಕೋದನ್ನಂತೂ ಮರೀಬಾರ್ದು.

ಸೂಕ್ಷ್ಮ ಪ್ರಶ್ನೆ ಕೇಳ್ಲೇಬೇಕು ಅಂದ್ರೆ ಒಂದು ಹಳೇ ಉಪಾಯ ಇದೆ, ನಂಗೆ ಬಹಳ ಇಷ್ಟ ಅದು. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಅನ್ನೋ ಅಮೆರಿಕದ ವಿದ್ವಾಂಸರು ಶುರು ಮಾಡಿದ ದಾರಿ, ಆಮೇಲೆ ಬಂದ ಸುಲಭ ರೂಪ ಹಿಂಗಿದೆ. "ಕಳೆದ ತಿಂಗಳು ತಂಬಾಕು ಬಳಸಿದ್ರಾ" ಅಂತ ಪ್ರಶ್ನೆ ಅನ್ಕೊಳ್ಳಿ. ಪ್ರತಿಯೊಬ್ರೂ ಯಾರಿಗೂ ತೋರಿಸ್ದೆ ಒಂದು ನಾಣ್ಯ ಚಿಮ್ಮಬೇಕು, ತಲೆ ಬಿದ್ರೆ ನಿಜ ಏನೇ ಇರ್ಲಿ "ಹೌದು" ಒತ್ತಬೇಕು, ಬಾಲ ಬಿದ್ರೆ ಮಾತ್ರ ನಿಜ ಹೇಳ್ಬೇಕು. 120 ಮಕ್ಕಳಲ್ಲಿ ಸುಮಾರು 60 ಜನಕ್ಕೆ ತಲೆ ಬೀಳತ್ತೆ, ಅವರದ್ದು 60 ಹೌದು. ಒಟ್ಟು 78 ಹೌದು ಬಂದಿದ್ರೆ ಉಳಿದ 18 ಹೌದು ಬಂದಿದ್ದು ನಿಜ ಹೇಳಿದ 60 ಜನದಿಂದ, ಅಂದ್ರೆ ಹತ್ರತ್ರ ಶೇ. 30. ಇಡೀ ಕ್ಲಾಸಿನ ಲೆಕ್ಕ ಸಿಕ್ತು, ಆದ್ರೆ ಯಾವ ಒಬ್ಬ ಹುಡುಗನ "ಹೌದು" ತೋರ್ಸಿನೂ ನೀನು ತಂಬಾಕು ಹಾಕ್ತೀಯ ಅನ್ನೋಕಾಗಲ್ಲ, ಪ್ರಾಂಶುಪಾಲರೇ ಶೀಟ್ ತೆಗೆದು ನೋಡಿದ್ರೂ ಆಗಲ್ಲ. 20 ಜನದ ಕ್ಲಾಸಲ್ಲಿ ಇದು ನಡಿಯಲ್ಲ, ಲೆಕ್ಕ ಅತ್ತಿತ್ತ ತೂಗಾಡತ್ತೆ, ನೂರು ಮೇಲಿದ್ರೆ ಒಂದು ಅಂದಾಜು ಸಿಗತ್ತೆ.

ಆ ಹುಡುಗಿ ವಿಷಯ ಆದ್ಮೇಲೆ ನಾವು ಒಂದಿಷ್ಟು ಜನ ಕೂತು ಮುಂದಿನ ಸರ್ವೆಯ ಪ್ರಶ್ನೆಗಳನ್ನ ಒಂದೊಂದಾಗಿ ಹಿಡಿದು "ಇದ್ರ ಉತ್ತರ ಸಿಕ್ಕಿದ್ರೆ ನಾವೇನ್ ಮಾಡ್ತೀವಿ" ಅಂತ ಕೇಳ್ಕೊಂಡ್ವಿ. ಬಸ್ ಟೈಮಿಂದ ಕ್ಲಾಸ್ ತಪ್ಪತ್ತಾ ಅಂತ ತಿಳಿಯೋಕೆ ತಾಲೂಕು ಬೇಡ, "ಮನೆಯಿಂದ ಕಾಲೇಜಿಗೆ ಒಂದು ಗಂಟೆಗಿಂತ ಜಾಸ್ತಿ ಬೇಕಾ" ಅಂತ ಕೇಳಿದ್ರೆ ಸಾಕು. ಕಾಫಿ ಕುಯ್ಲಿನ ಟೈಮಲ್ಲಿ, ಡಿಸೆಂಬರಿಂದ ಫೆಬ್ರವರಿ ತನಕ, ಕೆಲಸಕ್ಕೆ ಹೋಗ್ತಾರಾ ಅಂತ ತಿಳಿಯೋಕೆ ಜಾತಿ, ಭಾಷೆ ಯಾಕೆ ಬೇಕು? ಎರಡೂ ಹೋಯ್ತು. 16 ಪ್ರಶ್ನೆ ಇದ್ದಿದ್ದು 7ಕ್ಕೆ ಇಳೀತು. ಜಾತಿವಾರು ಲೆಕ್ಕ ನಿಜವಾಗ್ಲೂ ಬೇಕಾಗೋ ಸಂದರ್ಭ ಇರತ್ತೆ, ಸ್ಕಾಲರ್‌ಶಿಪ್ ಸಿಗ್ತಿದೆಯಾ ಅನ್ನೋಕೆ, ಹಾಸ್ಟೆಲಲ್ಲಿ ತಾರತಮ್ಯ ಇದೆಯಾ ಅನ್ನೋಕೆ, ಅದನ್ನ ಕೇಳ್ಲೇಬಾರ್ದು ಅಂತ ನಾನು ಹೇಳಲ್ಲ, ಕೇಳದೇ ಹೋದ್ರೆ ತಾರತಮ್ಯ ಕಣ್ಣಿಗೇ ಬೀಳಲ್ಲ. ಆದ್ರೆ ಆಗ ಬೇರೆ ಗುರುತಿನ ಪ್ರಶ್ನೆ ಒಂದೂ ಇರಬಾರ್ದು, ರಿಪೋರ್ಟಲ್ಲಿ 5 ಜನಕ್ಕಿಂತ ಕಮ್ಮಿ ಇರೋ ಗುಂಪನ್ನ ಬೇರೆ ತೋರಿಸ್ಬಾರ್ದು. "ಪರಿಶಿಷ್ಟ ಪಂಗಡದ ವಿದ್ಯಾರ್ಥಿನಿಯರಲ್ಲಿ ಶೇ. 100" ಅಂತ ಗ್ರಾಫ್ ಹಾಕ್ತೀವಲ್ಲ, ಆ 100 ಅಂದ್ರೆ ಒಬ್ಳೇ ಹುಡುಗಿ ಆಗಿರ್ತಾಳೆ ಎಷ್ಟೋ ಸಲ.

ಕಾಲೇಜುಗಳ ಗುಣಮಟ್ಟ ಅಳೆಯೋ ನ್ಯಾಕ್ ಸಂಸ್ಥೆಯವರ ವಿದ್ಯಾರ್ಥಿ ತೃಪ್ತಿ ಸಮೀಕ್ಷೇಲಿ ಕಾಲೇಜು ಮಕ್ಕಳ ಈಮೇಲ್ ಪಟ್ಟಿ ಕೊಡತ್ತೆ, 20 ಪ್ರಶ್ನೆ ಮತ್ತೆ ಸಲಹೆ ಬರೆಯೋ 21ನೇ ಪ್ರಶ್ನೆ ನ್ಯಾಕ್‌ನಿಂದಾನೇ ನೇರ ಮಕ್ಕಳಿಗೆ ಹೋಗತ್ತೆ, ಉತ್ತರ ಮೇಷ್ಟ್ರ ಕಣ್ಣಿಗೆ ಬೀಳಲ್ಲ, ಆ ವ್ಯವಸ್ಥೆ ಒಳ್ಳೇದೇ. ಆದ್ರೆ ಆ ಪಟ್ಟಿ ತಯಾರಾಗೋ ಹೊತ್ತಲ್ಲಿ ಹೆಸರು, ಫೋನ್ ನಂಬರ್, ಈಮೇಲ್ ಇರೋ ಎಕ್ಸೆಲ್ ಶೀಟ್ ಎಷ್ಟು ವಾಟ್ಸಾಪ್ ಗ್ರೂಪಲ್ಲಿ ಓಡಾಡತ್ತೆ, ಎಷ್ಟು ಜನರ ಫೋನಿನ ಡೌನ್‌ಲೋಡ್ ಫೋಲ್ಡರಲ್ಲಿ ಉಳಿಯತ್ತೆ ಅಂತ ಆ ಕೆಲಸ ಮಾಡಿದವರಿಗೆ ಗೊತ್ತು. ಹೆಣ್ಮಕ್ಕಳ ನಂಬರಿಗೆ ಗೊತ್ತಿಲ್ಲದವರ ಮೆಸೇಜ್ ಬರೋಕೆ ಶುರುವಾದ್ರೆ ಎಲ್ಲಿಂದ ಸೋರ್ತು ಅಂತ ಯಾರಿಗೂ ಹೇಳೋಕಾಗಲ್ಲ.

ಕೆಲಸ ಮುಗಿದ್ಮೇಲೆ ಅಳಿಸೋದ್ರಲ್ಲೂ ಒಂದು ಎಡವಟ್ಟಿದೆ. ಶೀಟ್ ಡಿಲೀಟ್ ಮಾಡಿದ್ರೆ ಆಯ್ತು ಅನ್ಕೋತೀವಿ, ಆದ್ರೆ ಉತ್ತರಗಳು ಫಾರ್ಮಿನ ಒಳಗೆ ಬೇರೆ ಹಾಗೇ ಇರತ್ತೆ, ಅಲ್ಲಿ ಹೋಗಿ ಎಲ್ಲ ಪ್ರತಿಕ್ರಿಯೆ ಅಳಿಸು ಅಂತ ಕೊಡ್ಬೇಕು. ಶೀಟಲ್ಲಿ ಒಂದು ಕಾಲಮ್ ತೆಗೆದು ಲಿಂಕ್ ಹಂಚಿದ್ರೆ ಹಳೇ ಆವೃತ್ತಿಗಳಲ್ಲಿ ಆ ಕಾಲಮ್ ಇನ್ನೂ ಇರತ್ತೆ, ಎಡಿಟ್ ಮಾಡೋ ಅನುಮತಿ ಇರೋರು ತೆಗೆದು ನೋಡಬಹುದು, ಹಾಗಾಗಿ ಹೊಸ ಕಾಪಿ ಮಾಡಿ ಅದನ್ನೇ ಹಂಚ್ಬೇಕು.

ಕಳೆದ ತಿಂಗಳು ರಜೇಲಿ ಕೂತು ನಮ್ಮ ಹಳೇ ಗ್ರೂಪ್‌ಗಳ ಮೆಸೇಜ್ ಎಲ್ಲಾ ಹಿಂದಕ್ಕೆ ಹೋಗಿ ಇಲ್ಲಿ ತನಕ ಕಳ್ಸಿದ ಸರ್ವೆ ಲಿಂಕ್‌ಗಳನ್ನ ಒತ್ತಿ ನೋಡ್ದೆ. ಹನ್ನೊಂದು ಸಿಕ್ತು. ಕೊರೋನಾ ಟೈಮಲ್ಲಿ ಯಾರ ಮನೇಲಿ ಫೋನಿದೆ ಯಾರ ಮನೇಲಿ ಇಲ್ಲ ಅಂತ ಕೇಳಿದ ಫಾರ್ಮೂ ಅದರಲ್ಲಿತ್ತು, ಅಪ್ಪನ ಆದಾಯ, ಮನೆ ವಿಳಾಸ ಎಲ್ಲಾ ತುಂಬಿದ ಶೀಟು, ಲಿಂಕ್ ಇರೋರು ಯಾರ್ ಬೇಕಾದ್ರೂ ನೋಡಬಹುದು ಅನ್ನೋ ಸೆಟ್ಟಿಂಗಲ್ಲಿ. ಎಂಟನ್ನ ಮಾಡಿದವರಿಗೆ ಫೋನ್ ಮಾಡಿ ಅಳ್ಸಾಯ್ತು. ಇನ್ನೂ ಮೂರು ಇವೆ, ಅವನ್ನ ಮಾಡಿದ್ದು ಅತಿಥಿ ಉಪನ್ಯಾಸಕರು ತಮ್ಮ ಸ್ವಂತ ಜಿಮೇಲಿಂದ, ಅವರು ಕೆಲಸ ಬಿಟ್ಟು ಹೋಗಿ ವರ್ಷಗಳಾಯ್ತು, ಒಬ್ರ ನಂಬರ್ ಈಗ ಚಾಲ್ತೀಲಿಲ್ಲ. ಮಾಲೀಕರು ಬಿಟ್ಟು ಬೇರೆಯವರು ಅಳಿಸೋಕಾಗಲ್ಲ. ಆ ಮೂರರಲ್ಲಿ ಒಂದು ನಿನ್ನೆ ರಾತ್ರಿ ಮತ್ತೆ ಒತ್ತಿ ನೋಡ್ದೆ, ಇನ್ನೂ ಓಪನ್ ಆಗ್ತಿದೆ.